ಹೆಸರು ಬದಲಾಯಿಸಿಕೊಂಡವರು: ವಲಸೆ ಕಥನಗಳ ಒಂದು ಓದು

ಕಳೆದ ವರ್ಷ ಒಂದು ಅಧ್ಯಯನ ಶಿಬಿರದಲ್ಲಿ ಮಾತು ಮುಗಿಸಿ ವೇದಿಕೆಯಿಂದ ಇಳಿದಾಗ, ಚಳವಳಿಯಲ್ಲಿ ತಲೆ ಹಣ್ಣಾದ ಹಿರಿಯರೊಬ್ಬರು ಟೀ ಲೋಟ ಕೈಗೆ ಕೊಡುತ್ತಾ ಹೇಳಿದರು: 'ಚೆನ್ನಾಗ್ ಮಾತಾಡ್ದೆ ಕನವ್ವ. ಆದ್ರೆ ನಿನ್ ಮಾತ್ನಲ್ಲಿ ನಮ್ ಕೇರಿನೇ ಇಲ್ವಲ್ಲ.'

ನಾನು ಸುಮ್ಮನೆ ನಕ್ಕೆ. ಅವರು ಹೇಳಿದ್ದು ಸುಳ್ಳೇನಲ್ಲ. ನಮ್ಮೂರಲ್ಲಿ ಹಾಲು 'ಆಲು', ಹೂವು 'ಊವು', ಹಬ್ಬ 'ಅಬ್ಬ'. ಅವತ್ತು ವೇದಿಕೆಯ ಮೇಲೆ ನಾನು ಒಂದೇ ಒಂದು ಹಕಾರವನ್ನೂ ಬಿಟ್ಟಿರಲಿಲ್ಲ. ಆ ಹಕಾರ ನನಗೆ ಬಂದದ್ದು ಹೇಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಮೇಷ್ಟ್ರೊಬ್ಬರು ತರಗತಿಯನ್ನು ನಗಿಸಬೇಕು ಅನ್ನಿಸಿದಾಗಲೆಲ್ಲ ನನ್ನನ್ನು ಎಬ್ಬಿಸಿ ಪದ್ಯ ಓದಿಸುತ್ತಿದ್ದರು. ಆ ನಗೆಯಿಂದ ಪಾರಾಗಲು ಹಿತ್ತಲಲ್ಲಿ ಕೂತು ಉಸಿರು ಎಳೆದೆಳೆದು ಹಕಾರ ಕಲಿತೆ. ಕಲಿತ ಮೇಲೆ ಅವ್ವನ ಮುಂದೆಯೂ ಅದು ಬಾಯಿಂದ ಬಂದುಬಿಡುತ್ತಿತ್ತು. ಅವ್ವ ಏನೂ ಅನ್ನಲಿಲ್ಲ. ಆದರೆ ನೆಂಟರ ಮುಂದೆ ನನ್ನನ್ನು ಕಡಿಮೆ ಮಾತಾಡಿಸತೊಡಗಿದಳು.

ಈ ಸಂಚಿಕೆಗೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಆ ಟೀ ಲೋಟದ ಮಾತು ನೆನಪಾಯಿತು. ನಮ್ಮ ವಿಮರ್ಶೆಯಲ್ಲಿ ಒಂದು ಕೋರ್ಟು ಇದೆ. ಅಲ್ಲಿ ಎರಡೇ ಕಲಂ. ಒಂದು, 'ಇವನು ತನ್ನವರನ್ನು ಮರೆತ'. ಇನ್ನೊಂದು, 'ಇವನು ಇನ್ನೂ ಜಾತಿಯಲ್ಲೇ ಕೂತಿದ್ದಾನೆ'. ಮೊದಲನೆಯದನ್ನು ನಮ್ಮವರು ಹಾಕುತ್ತಾರೆ, ಎರಡನೆಯದನ್ನು ಮೇಲಿನವರು. ಎಂ.ಎ. ಓದುವಾಗ ವಲಸೆ ಸಾಹಿತ್ಯದ ಪತ್ರಿಕೆಯಲ್ಲೂ ಇದೇ ಕೋರ್ಟು ಕಂಡೆ. ಬೋರ್ಡಿನ ಮಧ್ಯೆ ಒಂದು ಗೆರೆ. ಎಡಕ್ಕೆ ಬೇರಿನ ಹೆಮ್ಮೆ, ಬಲಕ್ಕೆ ಬೆರೆತು ಕರಗುವ ಆಸೆ. ಪ್ರತಿ ಪಾತ್ರವನ್ನೂ ಹಿಡಿದು ತಂದು ಒಂದು ಕಡೆ ನಿಲ್ಲಿಸುವುದು ನಮ್ಮ ಕೆಲಸ. ಪರೀಕ್ಷೆಗೆ ಅನುಕೂಲವಾಗಿತ್ತು, ಇರಲಿ. ಆದರೆ ಮೂಲ ಕೃತಿಗಳನ್ನು ಓದುತ್ತಾ ಹೋದಂತೆ ಆ ಗೆರೆ ನನಗೆ ಕಾಣದಾಯಿತು. ಅಲ್ಲಿ ಬೇರೊಂದು ಪ್ರಶ್ನೆ ಎದ್ದಿತು: ಕಳೆದುಕೊಂಡೆ ಎಂದು ಅಳಲಿಕ್ಕೆ ಯಾರ ಹತ್ತಿರ ಏನಿತ್ತು?

ಅಬ್ರಹಾಂ ಕಾಹನ್ 1896ರಲ್ಲಿ ಬರೆದ 'ಯೆಕ್ಲ್' ಎಂಬ ಸಣ್ಣ ಕಾದಂಬರಿಯಿಂದ ಶುರುಮಾಡುತ್ತೇನೆ. ಕಾಹನ್ ಲಿಥುವೇನಿಯಾ ಕಡೆಯ ಯಹೂದಿ. 1882ರಲ್ಲಿ ಅಮೆರಿಕಕ್ಕೆ ಬಂದವನು. ಮುಂದೆ ನ್ಯೂಯಾರ್ಕಿನ 'ಫಾರ್ವರ್ಡ್' ಎಂಬ ಯಿಡ್ಡಿಷ್ ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದ ಸಮಾಜವಾದಿ. ಅವನ ಕಥಾನಾಯಕ ಯೆಕ್ಲ್ ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಮಿಷನ್ನು ತುಳಿಯುವವನು. ಗಡ್ಡ ತೆಗೆದಿದ್ದಾನೆ, ಹೆಸರನ್ನು ಜೇಕ್ ಎಂದು ಬದಲಾಯಿಸಿಕೊಂಡಿದ್ದಾನೆ, ಬಾಕ್ಸಿಂಗು ಬೇಸ್‌ಬಾಲ್ ಅಂತ ಜಂಬ ಕೊಚ್ಚುತ್ತಾನೆ, ಡಾನ್ಸ್ ಶಾಲೆಯಲ್ಲಿ ಮೇಮಿ ಎಂಬ ಹುಡುಗಿಯ ಜೊತೆ ಸಲಿಗೆ ಬೆಳೆಸಿದ್ದಾನೆ. ಊರಲ್ಲಿ ಹೆಂಡತಿ ಮಗು ಇರುವುದನ್ನು ಯಾರಿಗೂ ಹೇಳಿಲ್ಲ. ಅಪ್ಪ ಸತ್ತ ಕಾಗದ ಬಂದ ಮೇಲೆ ಮನಸ್ಸು ಕಲಕಿ ಹೆಂಡತಿ ಗಿಟ್ಲ್‌ಳನ್ನೂ ಮಗನನ್ನೂ ಕರೆಸಿಕೊಳ್ಳುತ್ತಾನೆ. ಎಲ್ಲಿಸ್ ದ್ವೀಪದಲ್ಲಿ ಅವಳನ್ನು ಕಂಡ ಕ್ಷಣವೇ ಅವನ ಎದೆ ಕುಸಿಯುತ್ತದೆ. ಮದುವೆಯಾದ ಹೆಂಗಸು ತಲೆಗೂದಲು ತೋರಬಾರದೆಂಬ ಕಟ್ಟಳೆಯಂತೆ ಅವಳು ವಿಗ್ಗು ಹಾಕಿಕೊಂಡಿದ್ದಾಳೆ. ಜೇಕ್ ಸುತ್ತ ನೋಡುತ್ತಾನೆ, ಯಾರಾದರೂ ಗಮನಿಸಿದರಾ ಅಂತ.

ಆ 'ಸುತ್ತ ನೋಡುವುದು' ಇದೆಯಲ್ಲ, ಅದನ್ನು ನಾನು ಬಲ್ಲೆ. ಅವ್ವ ಹಾಸ್ಟೆಲ್ಲಿಗೆ ಬಂದಾಗ ನಾನೂ ಹಾಗೆ ನೋಡಿದ್ದೇನೆ.

ವಿಮರ್ಶಕರು ಜೇಕ್‌ನನ್ನು ಬೋರ್ಡಿನ ಬಲಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ. ಕಾಹನ್ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಭಾಷೆಯಲ್ಲಿ ಅವನು ಒಂದು ಕೆಲಸ ಮಾಡಿದ್ದಾನೆ. ಪಾತ್ರಗಳು ತಮ್ಮತಮ್ಮಲ್ಲಿ ಆಡುವ ಯಿಡ್ಡಿಷ್ ಮಾತನ್ನು ನೇರವಾದ ಒಳ್ಳೆಯ ಇಂಗ್ಲಿಷಿನಲ್ಲಿ ಕೊಡುತ್ತಾನೆ. ಅವರು ಹೆಮ್ಮೆಯಿಂದ ನಡುನಡುವೆ ಸೇರಿಸುವ ಇಂಗ್ಲಿಷ್ ಪದಗಳನ್ನು ಮಾತ್ರ, ಅವರ ಬಾಯಲ್ಲಿ ಮುರಿದ ಹಾಗೆಯೇ, ಓರೆ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾನೆ. ಅಂದರೆ ತಾಯಿಮಾತಿನಲ್ಲಿ ಇವರು ಪೂರ್ತಿ ಮನುಷ್ಯರು. ಯಜಮಾನನ ಮಾತಿನಲ್ಲಿ ಕುಂಟುವವರು. ಜೇಕ್ ಎಲ್ಲಿ ತಾನು ಗೆದ್ದೆ ಅಂದುಕೊಂಡಿದ್ದಾನೋ ಅಚ್ಚಿನ ಪುಟ ಅಲ್ಲೇ ಅವನ ಸೋಲನ್ನು ತೋರಿಸುತ್ತದೆ. ಕೇರಿಯ ಭಾಷೆಯನ್ನು ಪಾತ್ರದ ಬಾಯಿಗಷ್ಟೇ ಕೊಟ್ಟು ನಿರೂಪಣೆಯನ್ನು ಶಿಷ್ಟ ಕನ್ನಡದಲ್ಲಿ ಇಟ್ಟುಕೊಳ್ಳುತ್ತಿದ್ದ ನಮ್ಮ ಹಳೆಯ ಪ್ರಗತಿಶೀಲರು ಈ ಪುಟಗಳನ್ನು ನೋಡಬೇಕಿತ್ತು. 1984ರಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ' ಬರೆದಾಗ ನಿರೂಪಣೆಯೇ ಆ ಭಾಷೆಗೆ ಬಂತು. ಅದು ಬೇರೆ ದಾರಿ, ಇನ್ನೂ ದೊಡ್ಡ ದಾರಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಿಟ್ಲ್. ನೆರೆಮನೆಯ ಕವಾರ್ಸ್ಕಿ ಎಂಬಾಕೆ ಅವಳ ತಲೆ ಬಾಚಿ, ಸೊಂಟ ಬಿಗಿಯುವ ಉಡುಪು ತೊಡಿಸಿ, ಅಮೆರಿಕದವಳಂತೆ ಮಾಡುತ್ತಾಳೆ. ಗಂಡ ಅದಕ್ಕೂ ಒಲಿಯುವುದಿಲ್ಲ, ಬಿಟ್ಟು ಹೋಗುತ್ತಾನೆ. ಮೇಮಿಯ ಉಳಿತಾಯದ ಹಣದಿಂದಲೇ ವಿಚ್ಛೇದನ ಆಗುತ್ತದೆ. ಗಿಟ್ಲ್ ಅತ್ತು ಮುಗಿಸಿ, ಬಾಡಿಗೆಗಿದ್ದ ಓದುಬಾಕ ಬರ್ನ್‌ಸ್ಟೈನನನ್ನು ಮದುವೆಯಾಗಿ ಆ ದುಡ್ಡಿನಲ್ಲಿ ದಿನಸಿ ಅಂಗಡಿ ಇಡುವ ಯೋಚನೆ ಮಾಡುತ್ತಾಳೆ. ಜೇಕ್ ಮಾತ್ರ ಮೇಮಿಯ ಜೊತೆ ಮದುವೆಗೆ ಹೊರಟ ಕೇಬಲ್ ಕಾರಿನಲ್ಲಿ ಕೂತು, ಗಾಡಿ ನಿಂತಾಗಲೆಲ್ಲ ಅದು ಹಾಗೇ ನಿಂತುಬಿಡಲಿ ಎಂದು ಬಯಸುತ್ತಾನೆ. ಗೆದ್ದವನು ತಾನೋ ಅವಳೋ ಎಂಬುದು ಅವನಿಗೇ ತಿಳಿಯದು. ಬೇರಿನ ಹೆಮ್ಮೆಯ ಬಗ್ಗೆಯಾಗಲಿ ಬೆರೆಯುವ ಆಸೆಯ ಬಗ್ಗೆಯಾಗಲಿ ಒಂದು ಮಾತೂ ಆಡದ ಹೆಂಗಸು ಎರಡನ್ನೂ ತನಗೆ ಬೇಕಾದಷ್ಟೇ ಇಟ್ಟುಕೊಂಡು ಮುಂದೆ ಹೋದಳು. ಬೋರ್ಡಿನ ಮೇಲೆ ಅವಳನ್ನು ಎಲ್ಲಿ ನಿಲ್ಲಿಸುವುದು?

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಯೆಕ್ಲ್ ಎಂಬ ಹೆಸರು ಅವನ ಮನೆಯವರು ಅಕ್ಕರೆಯಿಂದ ಕರೆದದ್ದು. ಅದನ್ನು ಬಿಡುವುದರಲ್ಲಿ ಒಂದು ನಷ್ಟ ಇದ್ದೇ ಇದೆ. ನಮ್ಮಪ್ಪನ ಹೆಸರು ಹಾಗಲ್ಲ. ಊರವರು ಕರೆದದ್ದು ಅವನ ಮೈಬಣ್ಣ ಹಿಡಿದು. ಶಾಲೆಯ ಮೇಷ್ಟ್ರು ದಾಖಲಾತಿಯಲ್ಲಿ ದೇವರ ಹೆಸರೊಂದನ್ನು ಬರೆದುಕೊಟ್ಟರು. ಅಪ್ಪ ಆ ಹೆಸರನ್ನು ಕೊನೆತನಕ ಹೊಸ ಅಂಗಿಯ ಹಾಗೆ ಜೋಪಾನ ಮಾಡಿದ. ಊರಿನ ದೊಡ್ಡ ಮನೆಯ ಐದು ವರ್ಷದ ಹುಡುಗ ಮಾತ್ರ ಮೈಬಣ್ಣದ ಹೆಸರನ್ನೇ ಏಕವಚನದಲ್ಲಿ ಕೂಗುತ್ತಿದ್ದ. ಅಪ್ಪ ಹೊಸ ಹೆಸರಿಗೆ ಆಸೆಪಟ್ಟದ್ದನ್ನು ಮೂಲ ಮರೆತದ್ದು ಎನ್ನಲೇ? ಯಾವ ಮೂಲ? ಎಂ.ಎನ್. ಶ್ರೀನಿವಾಸರು ಕೊಟ್ಟ 'ಸಂಸ್ಕೃತೀಕರಣ' ಎಂಬ ಪದವನ್ನು ಇಂಥ ಕಡೆ ಮುದ್ರೆಯಂತೆ ಒತ್ತುವುದು ನಮಗೆ ಅಭ್ಯಾಸವಾಗಿದೆ. ಜೇಕ್ ಆದವನನ್ನು ಅಮೆರಿಕ ಅಷ್ಟೋ ಇಷ್ಟೋ ಜೇಕ್ ಎಂದೇ ಕರೆಯಿತು. ನಮ್ಮಪ್ಪನನ್ನು ಊರು ಕರೆಯಲಿಲ್ಲ. ಈ ವ್ಯತ್ಯಾಸ ಆ ಪದದೊಳಗೆ ಸಿಗುವುದಿಲ್ಲ.

ಅಂಜಿಯಾ ಯೆಜಿಯರ್ಸ್ಕಾಳ 'ಬ್ರೆಡ್ ಗಿವರ್ಸ್' ಬಂದದ್ದು 1925ರಲ್ಲಿ. ಅದೇ ನ್ಯೂಯಾರ್ಕು, ಅದೇ ಹೆಸ್ಟರ್ ಬೀದಿಯ ವಠಾರಗಳು. ಅಪ್ಪ ರೆಬ್ ಸ್ಮೊಲಿನ್ಸ್ಕಿ ಧರ್ಮಗ್ರಂಥ ಓದುವವನು. ಮನೆಯ ಮುಂಗೋಣೆ ಅವನ ಪುಸ್ತಕಗಳಿಗೆ ಮೀಸಲು. ಹೆಣ್ಣುಮಕ್ಕಳು ದುಡಿದು ತರಬೇಕು. ಹೆಂಗಸರಿಗೆ ಸ್ವರ್ಗ ಸಿಕ್ಕುವುದಿದ್ದರೆ ಗಂಡಸಿನ ಮೂಲಕವೇ ಎಂಬುದು ಅವನ ಬೋಧೆ. ಹಿರಿಯ ಮಗಳು ಬೆಸ್ಸಿಯನ್ನು ಮೀನು ಮಾರುವ ಮುದಿ ವಿಧುರನಿಗೆ ಕಟ್ಟುತ್ತಾನೆ. ಕಿರಿಯವಳು ಸಾರಾ, ಹತ್ತು ವರ್ಷಕ್ಕೇ ಬೀದಿಯಲ್ಲಿ ಹೆರಿಂಗ್ ಮೀನು ಕೂಗಿ ಮಾರಿದವಳು, ಮನೆ ಬಿಟ್ಟು ಹೋಗಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾ ರಾತ್ರಿಶಾಲೆಯಲ್ಲಿ ಓದಿ, ಕಾಲೇಜು ಮುಗಿಸಿ ಟೀಚರಾಗುತ್ತಾಳೆ.

ಇದನ್ನು 'ಬೆರೆಯುವ ಆಸೆಯ ಕಾದಂಬರಿ' ಎಂದು ಓದುವವರು ಒಂದು ಸಣ್ಣ ಪ್ರಸಂಗವನ್ನು ದಾಟಿಬಿಡುತ್ತಾರೆ. ಹಸಿದ ಸಾರಾ ಊಟದ ಹೋಟೆಲಿನ ಸಾಲಿನಲ್ಲಿ ನಿಂತು ಮಾಂಸದ ಸಾರು ಕೇಳುತ್ತಾಳೆ. ಅವಳ ತಟ್ಟೆಗೆ ಬೀಳುವುದು ಬರೀ ಆಲೂಗಡ್ಡೆ. ಹಿಂದಿನ ಗಂಡಸಿಗೆ ಮಾಂಸದ ತುಂಡುಗಳು. ಮನೆಯಲ್ಲೂ ಅಪ್ಪನ ತಟ್ಟೆಗೇ ಮೊದಲು ತುಂಡು ಬೀಳುತ್ತಿತ್ತು. ಅಂದರೆ ಅವಳು ಬಿಟ್ಟುಬಂದ 'ಬೇರು' ಮತ್ತು ಸೇರಹೊರಟ 'ಹೊಸ ನಾಡು' ಸೌಟಿನ ವಿಷಯದಲ್ಲಿ ಒಂದೇ. ಪರಂಪರೆಯ ಹೆಮ್ಮೆ ಎನ್ನುವವರು ಆ ಪರಂಪರೆಗೆ ಮನೆಯಲ್ಲಿ ಅನ್ನ ಹಾಕಿದವರು ಯಾರು ಎಂದು ಕೇಳುವುದಿಲ್ಲ. ಯೆಜಿಯರ್ಸ್ಕಾ ಕೇಳಿದ್ದಾಳೆ. ನಮ್ಮ ಜನಪದ, ನಮ್ಮ ದೈವ, ನಮ್ಮ ಕೇರಿಯ ಬಹುತ್ವ ಎಂದು ಮೈದುಂಬಿ ಬರೆಯುವ ನಮ್ಮ ಗಂಡು ಗೆಳೆಯರಿಗೂ ಈ ಪ್ರಶ್ನೆ ತಾಗಬೇಕು. ಬೆಸ್ಸಿಯಂಥ ಅಕ್ಕಂದಿರು ನಮ್ಮ ಮನೆಗಳಲ್ಲೂ ಇದ್ದಾರೆ.

ಟೀಚರಾದ ಸಾರಾ ಮಕ್ಕಳಿಗೆ ಉಚ್ಚಾರಣೆ ತಿದ್ದುತ್ತಿರುವಾಗ ಅವಳದೇ ನಾಲಿಗೆ ಹಳೆಯ ಬೀದಿಗೆ ಜಾರಿಬಿಡುತ್ತದೆ. ಹೆಡ್‌ಮಾಸ್ಟರ್ ಹ್ಯೂಗೋ ಸೀಲಿಗ್ ಬಂದು ಅವಳನ್ನೇ ತಿದ್ದುತ್ತಾನೆ. ಅವನೂ ಅದೇ ಮೂಲದವನು. ಮುಂದೆ ಅವರಿಬ್ಬರ ನಡುವೆ ಪ್ರೀತಿ ಬೆಳೆಯುತ್ತದೆ. ಈ ಭಾಗ ಓದುವಾಗ ನಾನು ಪುಸ್ತಕ ಮಡಿಸಿಟ್ಟೆ. ಏಕೆಂದರೆ ಈಗ ನಾನೂ ತಿದ್ದುವವಳು. 'ಅಳ್ಳಿ' ಎಂದು ಓದುವ ಹುಡುಗಿಯನ್ನು ತಡೆದು 'ಹಳ್ಳಿ' ಅನ್ನಿಸುತ್ತೇನೆ. ತಿದ್ದದಿದ್ದರೆ ಇಂಟರ್‌ವ್ಯೂನಲ್ಲಿ ಅವಳನ್ನು ನೋಡಿ ನಗುತ್ತಾರೆ. ತಿದ್ದಿದರೆ ಆ ಮೇಷ್ಟ್ರು ನನ್ನೊಳಗಿಂದ ಮಾತಾಡಿದ ಹಾಗಾಗುತ್ತದೆ. ಯೆಜಿಯರ್ಸ್ಕಾ ಇದಕ್ಕೆ ಪರಿಹಾರ ಕೊಡುವುದಿಲ್ಲ. ಕೊನೆಗೆ ಮುದಿ ಅಪ್ಪನನ್ನು ಮನೆಗೆ ಕರೆತರುವ ಮಾತು ಬರುತ್ತದೆ. ಹೆಗಲ ಮೇಲೆ ಅಪ್ಪನೊಬ್ಬನದೇ ಅಲ್ಲ, ಅವನ ಹಿಂದಿನ ತಲೆಮಾರುಗಳ ಭಾರವೂ ಇದೆ ಎಂದು ಸಾರಾಳಿಗೆ ಅನ್ನಿಸುವಲ್ಲಿ ಕಾದಂಬರಿ ನಿಲ್ಲುತ್ತದೆ.

ಈ ಯೆಜಿಯರ್ಸ್ಕಾ 1917-18ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಡ್ಯೂಯಿಯ ತರಗತಿಯಲ್ಲಿ ಕೂತಿದ್ದಳು. ಅದಕ್ಕೆ ಸ್ವಲ್ಪ ಮುಂಚೆ, 1913ರಿಂದ 1916ರವರೆಗೆ ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಡ್ಯೂಯಿಯ ಪಾಠ ಕೇಳಿದವರು ಬಾಬಾಸಾಹೇಬರು. ಹೊಲಿಗೆ ಕಾರ್ಖಾನೆಯ ಯಹೂದಿ ಹುಡುಗಿಗೂ ಮಹಾರ್ ಸೈನಿಕನ ಮಗನಿಗೂ ಒಬ್ಬನೇ ಗುರು. ಇದನ್ನು ಬರಿಯ ಕಾಕತಾಳೀಯ ಎಂದು ಬಿಡಬಹುದು. ಆದರೆ ಡ್ಯೂಯಿ 1916ರ 'ಡೆಮಾಕ್ರಸಿ ಅಂಡ್ ಎಜುಕೇಷನ್' ಪುಸ್ತಕದಲ್ಲಿ ಗುಂಪು ಗುಂಪುಗಳ ನಡುವೆ ಅನುಭವಗಳು ಎರಡೂ ಕಡೆಗೆ ಒಸರುವುದಕ್ಕೆ ಜೀವಶಾಸ್ತ್ರದಿಂದ ಒಂದು ಪದ ತಂದ: ಎಂಡಾಸ್ಮೋಸಿಸ್. ಅದೇ ಪದ 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರ ಕೈಯಲ್ಲಿ ಮತ್ತೆ ಕಾಣಿಸಿಕೊಂಡಿತು. ಪೊರೆಯ ಮೂಲಕ ನೀರು ಎರಡೂ ಕಡೆಗೆ ಜಿನುಗಬೇಕು. ಕರಗುವ ಆಸೆಯಲ್ಲಿ ಜಿನುಗುವುದು ಒಂದೇ ಕಡೆಗೆ. ಬೇರಿನ ಹೆಮ್ಮೆ ರಂಧ್ರಗಳನ್ನೇ ಮುಚ್ಚುತ್ತದೆ. ನಮ್ಮ ವಿಮರ್ಶೆಯ ಎರಡು ಕಲಮುಗಳಿಗಿಂತ ಈ ಒಂದು ಪದದಲ್ಲಿ ಹೆಚ್ಚು ಕೆಲಸ ಇದೆ ಅಂತ ನನಗನ್ನಿಸುತ್ತದೆ.

ವಲಸೆ ಸಾಹಿತ್ಯದ ಯಾವ ಸಿಲಬಸ್ಸಿನಲ್ಲೂ ನಾನು ಕಾಣದ ಒಂದು ವಲಸೆ ಕಥನವನ್ನು ಅವರೇ ಬರೆದಿದ್ದಾರೆ: 'ವೀಸಾಗಾಗಿ ಕಾಯುತ್ತಾ'. ಹೆಸರಲ್ಲೇ ವೀಸಾ ಇದೆ! ಇದು ಕಾದಂಬರಿಯಲ್ಲ, ನಡೆದದ್ದು. ಪರದೇಶದಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯ ಎಂಬ ಪ್ರಜ್ಞೆಯನ್ನೇ ಅಳಿಸಿಹಾಕಿದ್ದವು ಎನ್ನುತ್ತಾರೆ. 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದಿಳಿದಾಗ ಮೊದಲ ಪ್ರಶ್ನೆ: ಎಲ್ಲಿ ಉಳಿಯುವುದು? ಹಿಂದೂ ಹೋಟೆಲು ಸಿಗದು. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿಗಳಿಗೆ ಮಾತ್ರ ಜಾಗ. ನೋಡಿಕೊಳ್ಳುವವನ ಜೊತೆ ಮಾತಾಡಿ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸುತ್ತಾರೆ. ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೇ ದಿನ ಬೆಳಿಗ್ಗೆ ಕೋಲು ಹಿಡಿದ ಹನ್ನೆರಡು ಜನ ಪಾರ್ಸಿಗಳು ಬಂದು ನಿಲ್ಲುತ್ತಾರೆ. ಇಬ್ಬರು ಸ್ನೇಹಿತರನ್ನು, ಒಬ್ಬ ಹಿಂದೂ ಒಬ್ಬ ಕ್ರೈಸ್ತ, ಕೇಳಿದ್ದಾಯಿತು. ಇಬ್ಬರ ಮನೆಯಲ್ಲೂ ಜಾಗವಿಲ್ಲ. ಸಾರ್ವಜನಿಕ ತೋಟದಲ್ಲಿ ಕೂತು, ರಾತ್ರಿಯ ರೈಲಿಗೆ ಬೊಂಬಾಯಿಗೆ.

ಜೇಕ್ ಹೆಸರು ಬದಲಿಸಿದ್ದು ಪರದೇಶಕ್ಕೆ ಹೋದಾಗ. ಬಾಬಾಸಾಹೇಬರು ಹೆಸರು ಬದಲಿಸಬೇಕಾದದ್ದು ಪರದೇಶದಿಂದ ಸ್ವದೇಶಕ್ಕೆ ಬಂದಾಗ. ಬಾಬುರಾವ್ ಬಾಗುಲ್ 1963ರಲ್ಲಿ 'ಜೇವ್ಹಾ ಮೀ ಜಾತ್ ಚೋರಲಿ ಹೋತಿ' ಎಂದು ಕಥಾಸಂಕಲನಕ್ಕೆ ಹೆಸರಿಟ್ಟಾಗ, ಅಂದರೆ 'ನಾನು ಜಾತಿ ಮುಚ್ಚಿಟ್ಟಾಗ', ಇದೇ ನೋವನ್ನು ಗುಜರಾತಿನ ಉಧನಾಕ್ಕೆ ರೈಲ್ವೆ ಕೆಲಸಕ್ಕೆ ಹೋದ ಯುವಕನೊಬ್ಬನ ಮೈಮೇಲೆ ಬರೆದ. ಅಲ್ಲಿಯೂ ಕೊನೆಗೆ ಹೊಡೆತವೇ. ಈ ಹೆಸರುಮುಚ್ಚುವಿಕೆಯನ್ನು 'ಬೆರೆಯುವ ಆಸೆ' ಎಂದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಬೇಕಾಗಿದ್ದದ್ದು ಮಲಗಲು ಒಂದು ಜಾಗ, ಅಷ್ಟೆ.

ನನ್ನದೂ ಬರೆಯಬೇಕಲ್ಲ. ಈ ಊರಿಗೆ ಕೆಲಸಕ್ಕೆ ಬಂದು ಮನೆ ಹುಡುಕುವಾಗ ಮನೆಯೊಡತಿ ನೀರು ಕೊಡುವ ಮೊದಲೇ ಕೇಳಿದರು: 'ನಿಮ್ದು ಯಾವ ಪೈಕಿ?' ಜೊತೆಗಿದ್ದ ಸಹೋದ್ಯೋಗಿ 'ಲೆಕ್ಚರರ್ ಅಮ್ಮ ಇವ್ರು' ಅಂತ ನಕ್ಕುಬಿಟ್ಟರು. ನಾನೂ ನಕ್ಕೆ. ಆ ನಗುವನ್ನು ಆಕೆ ತಮಗೆ ಬೇಕಾದ ಜಾತಿಗೆ ಸೇರಿಸಿಕೊಂಡರು. ಇದನ್ನು ಬರೆಯುವ ಈ ಹೊತ್ತಿಗೂ ನಾನು ಆ ಮನೆಯಲ್ಲೇ ಇದ್ದೇನೆ. ಬಾಬಾಸಾಹೇಬರ ಫೋಟೋ ಒಳಕೋಣೆಯಲ್ಲಿದೆ, ನಡುಮನೆಯಲ್ಲಿಲ್ಲ. ಆಕೆ ಸಣ್ಣ ಪತ್ರಿಕೆ ಓದುವವರಲ್ಲ. ಓದಿದರೆ ಓದಲಿ.

ಫೋಟೋ ಅಂದಾಗ ಸೂಟಿನ ಮಾತು ಬರುತ್ತದೆ. ಫಿಲಿಪ್ ರಾತ್‌ನ 'ಎಲೈ, ದಿ ಫನ್ಯಾಟಿಕ್' ಎಂಬ ಕಥೆ 1959ರ 'ಗುಡ್‌ಬೈ, ಕೊಲಂಬಸ್' ಸಂಕಲನದಲ್ಲಿದೆ. ನಗರದಾಚೆಯ ಅಚ್ಚುಕಟ್ಟು ಬಡಾವಣೆಯ ಯಹೂದಿಗಳಿಗೆ, ಯುರೋಪಿನ ನರಮೇಧದಿಂದ ಉಳಿದುಬಂದ ಕೆಲವರು ಹತ್ತಿರದಲ್ಲೇ ಧಾರ್ಮಿಕ ಶಾಲೆ ತೆರೆದದ್ದು ಮುಜುಗರ. ಕಪ್ಪು ಟೋಪಿ, ಕಪ್ಪು ನಿಲುವಂಗಿ ತೊಟ್ಟ ಒಬ್ಬ ಪೇಟೆಗೆ ಬರುತ್ತಾನಲ್ಲ, ಅವನನ್ನು ನೋಡಿ ತಮ್ಮನ್ನೂ ಗುರುತು ಹಿಡಿದಾರು ಎಂಬ ಭಯ. ಲಾಯರ್ ಎಲೈ ತನ್ನ ಹಸಿರು ಸೂಟನ್ನು ಅವನಿಗೆ ಕೊಟ್ಟು ಬರುತ್ತಾನೆ. ಆತ ಸೂಟು ಹಾಕಿಕೊಂಡು ತನ್ನ ಕಪ್ಪು ಬಟ್ಟೆಯನ್ನು ಎಲೈ ಮನೆಬಾಗಿಲಲ್ಲಿ ಇಟ್ಟು ಹೋಗುತ್ತಾನೆ. ಎಲೈ ಅದನ್ನೇ ಧರಿಸಿ ಬೀದಿಯಲ್ಲಿ ನಡೆದಾಗ ಅವನ ಜನ ಅವನಿಗೆ ಹುಚ್ಚು ಎಂದು ಸೂಜಿ ಚುಚ್ಚಿಸುತ್ತಾರೆ. ದೊಡ್ಡ ಕಥೆ. ಆದರೆ ಅದನ್ನು ಹಾಗೇ ನಮ್ಮ ಮೇಲೆ ಹೊದಿಸಿಕೊಳ್ಳಲು ಬರುವುದಿಲ್ಲ. ಎಲೈಗೆ ಹಳೆಯ ಬಟ್ಟೆಗೆ ಮರಳುವುದು ಮಾನ. ನಮಗೆ ಹಳೆಯ ಬಟ್ಟೆ ಎಂದರೆ ಮೊಣಕಾಲು ದಾಟಕೂಡದೆಂದು ಊರು ಅಳೆದುಕೊಟ್ಟ ಪಂಚೆ. ಬಾಬಾಸಾಹೇಬರ ಸೂಟನ್ನು ಪಶ್ಚಿಮದ ಅನುಕರಣೆ ಎಂದು ಆಡಿಕೊಂಡವರಿಗೆ ಈ ಅಳತೆ ಗೊತ್ತಿರಲಿಲ್ಲ. ಕೇರಿಯ ಗೋಡೆಯ ಮೇಲಿನ ಆ ನೀಲಿ ಸೂಟು ಕರಗಿಹೋದವನ ಬಟ್ಟೆಯಲ್ಲ.

ಇನ್ನು ನಮ್ಮ ಇಂಡಿಯಾದವರ ವಲಸೆ ಕಾದಂಬರಿಗಳು. ಝುಂಪಾ ಲಾಹಿರಿಯ 'ದಿ ನೇಮ್‌ಸೇಕ್' (2003) ನನಗೆ ಇಷ್ಟವಾದ ಪುಸ್ತಕ, ಮಗ ಅಪ್ಪನ ಖಾಲಿ ಮನೆಗೆ ಹೋಗುವ ಪುಟಗಳಲ್ಲಿ ಅತ್ತಿದ್ದೇನೆ. ಗೊಗೋಲ್ ಗಂಗುಲಿ ಎಂಬ ಹುಡುಗ ಕೋರ್ಟಿಗೆ ಹೋಗಿ ನಿಖಿಲ್ ಆಗುತ್ತಾನೆ. ಇಡೀ ಕಾದಂಬರಿ ಮೊದಲ ಹೆಸರಿನ ಸುತ್ತ ಕೊರಗುತ್ತದೆ. ಎರಡನೆಯ ಹೆಸರಿನ ಬಗ್ಗೆ ಇರುವ ಕೊರಗು ಒಂದೇ: ಗಂಗೋಪಾಧ್ಯಾಯ ಎಂಬುದನ್ನು ಬ್ರಿಟಿಷರ ಕಾಲ ಗಂಗುಲಿ ಮಾಡಿತು ಅನ್ನುವುದು. ಆ ಉಪಾಧ್ಯಾಯ ಯಾರಿಗೆ ಪಾಠ ಹೇಳಿದ, ಯಾರಿಗೆ ಹೇಳಲಿಲ್ಲ ಎಂಬುದು ಕಥೆಯ ಗಂಟಾಗುವುದೇ ಇಲ್ಲ. ಬಂಗಾಳಿತನ ಎಂಬ ದೊಡ್ಡ ಕೊಡೆಯ ಕೆಳಗೆ ಅದು ಒಣಗಿಕೊಂಡು ನಿಂತಿದೆ. ಕಾಹನ್, ಯೆಜಿಯರ್ಸ್ಕಾ ತಮ್ಮ ಮನೆಯೊಳಗಿನ ಯಜಮಾನಿಕೆಯನ್ನು ಬೀದಿಗೆ ತಂದವರು. ಇಲ್ಲಿ ಅದು ನೆನಪಿನ ಪರಿಮಳವಾಗಿ, ಅಡುಗೆಯ ಘಮವಾಗಿ ಬರುತ್ತದೆ. ಇದನ್ನು ಜನಾಂಗದ ಹೆಮ್ಮೆ ಎಂದು ಓದುವ ಅಮೆರಿಕದ ಓದುಗನಿಗೆ, ಅದರೊಳಗೆ ಜಾತಿಯ ಹೆಮ್ಮೆ ಎಷ್ಟು ಪಾಲು ಎಂದು ತಿಳಿಯುವ ದಾರಿಯಿಲ್ಲ.

ಈ ಹೆಮ್ಮೆ ಬೇಕಾದಾಗ ಕರಗುವುದಕ್ಕೂ ಸೈ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಅಮೆರಿಕದ ಸೈನ್ಯದಲ್ಲಿ ಇದ್ದವನು, ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಪೌರತ್ವ ಕೇಳಿದ. ಆಗ ಬಿಳಿಯರಾದರೆ ಸಲೀಸು. ಅವನ ವಾದ: ನಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ. ಅಂದರೆ ಕೆಳಜಾತಿಯವರನ್ನು ದೂರ ಇಟ್ಟ ಹೆಚ್ಚುಗಾರಿಕೆಯೇ ಬಿಳಿಯರೊಳಗೆ ಬೆರೆಯಲು ರಹದಾರಿ! ಕೋರ್ಟು ಒಪ್ಪಲಿಲ್ಲ. ಬೇರಿನ ಹೆಮ್ಮೆಯೂ ಬೆರೆಯುವ ಆಸೆಯೂ ಒಂದೇ ಅರ್ಜಿಯಲ್ಲಿ ಸಹಿ ಹಾಕಿದ್ದನ್ನು ಇದಕ್ಕಿಂತ ಚೆನ್ನಾಗಿ ಯಾವ ಕಾದಂಬರಿಯೂ ತೋರಿಸಿಲ್ಲ. ಹಿಂದೂಗಳು ಲೋಕದ ಬೇರೆ ಕಡೆ ಹೋದರೆ ಜಾತಿ ಜಗತ್ತಿನ ಸಮಸ್ಯೆಯಾಗುತ್ತದೆ ಎಂಬ ಕೇತ್ಕರರ ಮಾತನ್ನು 1916ರಲ್ಲೇ ಅದೇ ನ್ಯೂಯಾರ್ಕಿನಲ್ಲಿ ಬಾಬಾಸಾಹೇಬರು ಎತ್ತಿ ಹೇಳಿದ್ದರು. 2023ರ ಫೆಬ್ರುವರಿಯಲ್ಲಿ, ಥಿಂಡ್ ತೀರ್ಪಿಗೆ ಸರಿಯಾಗಿ ನೂರು ವರ್ಷ ತುಂಬಿದಾಗ, ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಇಂಥದೇ ಮಸೂದೆಗೆ ಅಲ್ಲಿನ ಗವರ್ನರ್ ಸಹಿ ಹಾಕದೆ ವಾಪಸು ಕಳಿಸಿದ.

ಶಿಬಿರದ ಹಿರಿಯರಿಗೆ ಅವತ್ತು ಹೇಳಬೇಕಾಗಿದ್ದದ್ದು ಇಷ್ಟು ಉದ್ದ ಆಯಿತು. ಅಣ್ಣಾ, ಕೇರಿ ನನ್ನ ಮಾತಿನಲ್ಲಿ ಇಲ್ಲದ್ದು ನಾಚಿಕೆಯಿಂದಲ್ಲ. ನಾಚಿಕೆ ಇರಲೇ ಇಲ್ಲ ಅಂತಲೂ ಅಲ್ಲ.

ಮೊನ್ನೆ ಡಿಗ್ರಿ ಹುಡುಗಿಯರಿಗೆ ಪಠ್ಯ ಮುಗಿದು ಸಮಯ ಉಳಿದಿತ್ತು. ಯೆಕ್ಲ್ ಕಥೆ ಹೇಳಿದೆ. 'ಅಳ್ಳಿ' ಎನ್ನುವ ಹುಡುಗಿ ಹಿಂದಿನ ಬೆಂಚಿನಿಂದ ಕೈಯೆತ್ತಿದಳು. 'ಮೇಡಂ, ಆವಮ್ಮ ಅಂಗ್ಡಿ ಇಡ್ತಾಳಲ್ಲ, ಬೋರ್ಡಿಗೆ ಯಾರ್ ಎಸ್ರು ಆಕ್ತಾಳೆ?'

ಕಾಹನ್ ಅದನ್ನು ಬರೆದಿಲ್ಲ. ನಾನು ಆ ದಿನ ಅವಳ ಹಕಾರ ತಿದ್ದಲಿಲ್ಲ.